ಜ್ವರ ಇಳಿದ ಮೇಲೆ

ಆ ಸಲದ ನೆಗಡಿ ಜ್ವರ ನಮ್ಮ ಮನೆಯಲ್ಲಿ ಒಬ್ಬರನ್ನೂ ಬಿಡಲಿಲ್ಲ. ಮೊದಲು ಶಾಲೆಯಿಂದ ನನ್ನ ಮಗಳು ತಂದಳು. ಅವಳಿಂದ ನನಗೆ, ಅತ್ತೆಗೆ, ನನ್ನ ಗಂಡನಿಗೆ ಅಂಟಿತು. ಕೊನೆಗೆ ಮಲಗಿದವನು ನನ್ನ ಮೈದುನ. ಹೊನ್ನವಳ್ಳಿ ಸುತ್ತಮುತ್ತ ಎಲ್ಲ ಮನೆಗಳಲ್ಲೂ ಅದೇ ಕೆಮ್ಮು ಕೇಳುತ್ತಿದ್ದುದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೆಣಸಿನ ಕಷಾಯ ಕುಡಿದೆವು, ಮಾತ್ರೆ ನುಂಗಿದೆವು, ಎದ್ದು ಓಡಾಡಿದೆವು. ಅವನೂ ಎದ್ದ.

ಆಗಿನ್ನೂ ಅವನಿಗೆ ಮೂವತ್ತು ದಾಟಿರಲಿಲ್ಲ. ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಕುಕ್ಕೆಯಲ್ಲಿ ಹೊತ್ತು, ಏಣಿ ಹತ್ತಿ ಅಟ್ಟಕ್ಕೆ ಸುರಿಯುವ ಕೆಲಸ ಯಾವತ್ತೂ ಅವನದೇ. ಹತ್ತುವಾಗಲೂ ಕೆಳಗಿದ್ದ ನನ್ನನ್ನು ರೇಗಿಸುವಷ್ಟು ಉಸಿರು ಅವನಲ್ಲಿ ಮಿಗುತ್ತಿತ್ತು. ಜ್ವರ ಬಿಟ್ಟ ಮೇಲೆ ಮೊದಲ ಸಲ ಹತ್ತಿದಾಗ ಮಾತ್ರ ಏಣಿಯ ನಡುವೆಯೇ ನಿಂತುಬಿಟ್ಟ. ಕುಕ್ಕೆಯನ್ನು ಮೆಟ್ಟಿಲಿಗೆ ಆನಿಸಿ, ಹಣೆಯನ್ನು ಅದಕ್ಕೊತ್ತಿಕೊಂಡ.

ಏನ್ಲಾ, ಸೋಮಾರಿತನಾನಾ ಎಂದು ನನ್ನ ಗಂಡ ನಕ್ಕರು. ಅವನು ನಿಧಾನಕ್ಕೆ ಇಳಿದು ನೆಲದ ಮೇಲೆ ಕೂತ. ನಿಶ್ಶಕ್ತಿ ಎಂದರು ಅತ್ತೆ. ಹುರುಳಿಕಟ್ಟಿನ ಸಾರು ಮಾಡಿದರು, ಮುದ್ದೆಯ ಮೇಲೆ ತುಪ್ಪ ಜಾಸ್ತಿ ಹಾಕಿದರು. ಅವನಿಗೆ ಎರಡು ತುತ್ತಿಗೇ ಹೊಟ್ಟೆ ಉಬ್ಬರಿಸುತ್ತಿತ್ತು. ಔಷಧಿ ಅಂಗಡಿಯವರು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು.

ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಕೊಟ್ಟಿಗೆ ಕಡೆ ಹೋದೆ. ಮೂಟೆಗೆ ಒರಗಿ, ಕೂತಲ್ಲೇ ನಿದ್ದೆ ಹೋಗಿದ್ದ. ಒಳಗೆ ಬಂದು ಮಲಗಬಾರದೇ ಎಂದೆ. ಕಣ್ಣು ಬಿಟ್ಟು, ಗೋಡೆ ಕಡೆ ನೋಡುತ್ತಾ ಹೇಳಿದ:

"ಮಲಿಕ್ಕಂಡ್ರೆ ನೀರಲ್ಲಿ ಮುಳುಗ್ದಂಗಾಯ್ತದೆ ಅತ್ಗೆ. ಅಮ್ಮಂಗೆ ಹೇಳ್ಬೇಡಿ."

ಅವನ ಕಾಲು ನೋಡಿದೆ. ಚಪ್ಪಲಿಯ ಪಟ್ಟಿ ಪಾದದೊಳಗೆ ಹೂತುಹೋದಂತಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಒತ್ತಿದ ಗುಳಿ ಹಾಗೇ ಉಳಿಯಿತು, ಮೇಲೇಳಲಿಲ್ಲ. 

ಅವನ ಮಾತು ಕೇಳದೆ ನೇರವಾಗಿ ಗಂಡನಿಗೆ ಹೇಳಿದೆ. ಆಗಲೇ ಪಕ್ಕದ ಮನೆಯವರ ಕಾರಿನಲ್ಲಿ ತಿಪಟೂರಿಗೆ ಹೊರಟೆವು. ಅಲ್ಲಿ ಇಸಿಜಿ ನೋಡಿದವರು ಕೂರಿಸಿಕೊಳ್ಳದೆ ತುಮಕೂರಿಗೆ ಕಳಿಸಿದರು. ತುಮಕೂರಿನ ಹೃದಯದ ಡಾಕ್ಟರು ಹೆಂಗಸು. ಸ್ಕ್ಯಾನ್ ಮಾಡಿ, ಹೃದಯದ ಮಾಂಸಖಂಡ ಊದಿಕೊಂಡಿದೆ, ರಕ್ತ ತಳ್ಳುವ ಬಲ ಅರ್ಧಕ್ಕೂ ಕಡಿಮೆಯಾಗಿದೆ ಎಂದರು. ಈಚೆಗೆ ಏನಾದರೂ ಕಾಯಿಲೆ ಬಂದಿತ್ತೇ ಎಂದು ಕೇಳಿದಾಗ ನನ್ನ ಗಂಡ ಇಲ್ಲ ಎಂದೇ ಬಿಟ್ಟರು. ನೆಗಡಿ ಜ್ವರವನ್ನು ನಾವು ಕಾಯಿಲೆಯೆಂದು ಎಣಿಸಿರಲೇ ಇಲ್ಲ. ನಾನು ನೆನಪಿಸಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಆ ವೈರಸ್ಸೇ ಹೃದಯಕ್ಕೂ ಇಳಿದಿರಬಹುದು, ಆದರೆ ಅದೇ ಎಂದು ಆಣೆ ಮಾಡಿ ಹೇಳಲಾಗದು ಎಂದರು.

"ನಮಗೆಲ್ಲಾ ಬಂದಿತ್ತಲ್ಲ ಮೇಡಂ, ಇವನಿಗೊಬ್ಬನಿಗೇ ಯಾಕೆ?"

"ಅದಕ್ಕೆ ನನ್ನ ಹತ್ರಾನೂ ಉತ್ತರ ಇಲ್ಲಮ್ಮ."

ಬದುಕಿ ಬಂದ. ಭಾರ ಎತ್ತಬಾರದು, ಉಪ್ಪು ತಿನ್ನಬಾರದು, ಮಾತ್ರೆ ತಪ್ಪಿಸಬಾರದು. ಊತ ಇಳಿಯಿತು, ಅಂಗಾತ ಮಲಗಿ ನಿದ್ದೆ ಮಾಡತೊಡಗಿದ. ಆದರೂ ಮುಂದಿನ ಸ್ಕ್ಯಾನುಗಳಲ್ಲಿ ಹೃದಯ ಅರೆಬರೆ ಚೇತರಿಸಿಕೊಂಡು ಅಲ್ಲೇ ನಿಂತಿತ್ತು. ಕಾಯಿ ಹೊರಲು ಆಳುಗಳು ಬಂದಾಗ ಅವನು ತೋಟದ ಆ ತುದಿಗೆ ಹೋಗಿಬಿಡುತ್ತಿದ್ದ.

ಅತ್ತೆ ಯಾರನ್ನೂ ದೂರಲಿಲ್ಲ. ಆದರೆ ನನ್ನ ಮಗಳು ಸೀನಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಅವಳನ್ನು ನೋಡುತ್ತಿದ್ದರು. ಅದು ಮಗುವಿಗೆ ಅರ್ಥವಾಗಿತ್ತು.

ಈ ಸಲ ಶಾಲೆಯಲ್ಲಿ ಮತ್ತೆ ಜ್ವರ ಶುರುವಾಯಿತು. ಒಂದು ಸಂಜೆ ಮಗಳು ಕಣ್ಣು ಕೆಂಪಗೆ ಮಾಡಿಕೊಂಡು ಬಂದವಳು ಅಂಗಳದಲ್ಲೇ ನಿಂತಳು. ಬ್ಯಾಗನ್ನೂ ಇಳಿಸಲಿಲ್ಲ.

"ಅಮ್ಮ, ಚಿಕ್ಕಪ್ಪ ಒಳಗವ್ರಾ?"

ಅವಳನ್ನು ಎದೆಗೊತ್ತಿಕೊಂಡೆ. ಮೈ ಸುಡುತ್ತಿತ್ತು. ಆಗಲೇ ಮೈದುನನನ್ನು ಹಿತ್ತಲ ಬಾಗಿಲಿಂದ ಹೊರಡಿಸಿ, ತುರುವೇಕೆರೆಯ ನಾದಿನಿ ಮನೆಗೆ ಬಿಟ್ಟುಬಂದರು ನನ್ನ ಗಂಡ. ಮಗಳು ಬೇಗ ಹುಷಾರಾದಳು. ಅವನನ್ನು ಕರೆತರೋಣ ಎಂದುಕೊಳ್ಳುತ್ತಿರುವಾಗಲೇ ನಾದಿನಿಯ ಫೋನು ಬಂತು. ಬೆಳಿಗ್ಗೆಯಿಂದ ಅವನಿಗೆ ಗಂಟಲು ಕೆರೆತ, ಮೈ ಬೆಚ್ಚಗಿದೆ ಎಂದಳು.

ಡಾಕ್ಟರಿಗೆ ತೋರಿಸಿದ್ದಾಯಿತು. ಸದ್ಯಕ್ಕೆ ಹೃದಯ ಹಿಂದಿನಂತೆಯೇ ಇದೆ, ಜ್ವರ ಇಳಿದ ಮೇಲೂ ಕಣ್ಣಿಟ್ಟಿರಿ ಎಂದಿದ್ದಾರೆ. ನಿನ್ನೆ ಇಳಿಯಿತು. ಈಗ ನಮ್ಮ ಮನೆಯಲ್ಲೇ, ನಡುಮನೆಯಲ್ಲಿ ಮಲಗಿದ್ದಾನೆ. ನೆಪ ಮಾಡಿಕೊಂಡು ಆ ಕಡೆ ಹಾಯುವಾಗಲೆಲ್ಲ ಹೊದಿಕೆ ಸರಿಸಿ ಅವನ ಪಾದ ನೋಡುತ್ತೇನೆ.