ಷಡ್ಡಕರು ಹಚ್ಚಿಕೊಟ್ಟ ಟಿವಿ

ನಾನು ಬಿಚ್ಚಿಟ್ಟಿದ್ದ ನನ್ನ ಮನೆಯ ಟಿವಿಯನ್ನು, ನಾನು ಊರಿನಲ್ಲಿಲ್ಲದ ದಿನ ನೋಡಿ, ನನ್ನ ಷಡ್ಡಕರು ರಿಪೇರಿ ಮಾಡಿಬಿಟ್ಟರು. ಅನ್ಯಾಯ ಇಷ್ಟೇ. ಅವರು ಹಾಕಿದ ಬೆಸುಗೆಯ ವಾಸನೆ ನಡುಮನೆಯಿಂದ ಎಂದೋ ಹೋಯಿತು ಎನ್ನುತ್ತಾಳೆ ನನ್ನ ಹೆಂಡತಿ ಸರೋಜ. ನನ್ನ ಮೂಗು ಒಪ್ಪುತ್ತಿಲ್ಲ.

ಷಡ್ಡಕರೆಂದರೆ ಸರೋಜಳ ತಂಗಿಯ ಗಂಡ, ಶಿಡ್ಲಘಟ್ಟದವರು. ನಮ್ಮ ಚಿಂತಾಮಣಿಗೆ ಅದೇನು ದೂರವಲ್ಲ, ದೂರವಿದ್ದಿದ್ದರೆ ಚೆನ್ನಾಗಿತ್ತು. ಹಿಂದೊಮ್ಮೆ ಕೈವಾರದ ಅತ್ತೆಯ ಮನೆಯಲ್ಲಿ ಹಿತಕಿದ ಬೇಳೆ ಸಾರಿನ ಊಟ. ಮೊದಲು ಬಡಿಸಬೇಕಾದದ್ದು ಹಿರಿಯಳಿಯನಿಗೆ, ಅಂದರೆ ನನಗೆ. ಅತ್ತೆ ನನ್ನ ಎಲೆಯನ್ನು ದಾಟಿ ಅವರ ಎಲೆಗೆ ಸೌಟು ಬಗ್ಗಿಸಿದರು. ಕಾರಣ, ಅಂದು ಬೆಳಿಗ್ಗೆ ಅವರು ಮಿಕ್ಸಿ ಸರಿಮಾಡಿದ್ದರು. ಆ ಮಿಕ್ಸಿ ಈಗಿಲ್ಲ, ಅತ್ತೆಯೂ ಇಲ್ಲ. ದಾಟಿದ ಸೌಟು ಮಾತ್ರ ನನ್ನ ಕಣ್ಣಮುಂದೆ ಹಾಗೆಯೇ ಇದೆ.

ಟಿವಿಯ ವಿಷಯಕ್ಕೆ ಬರುತ್ತೇನೆ. ಒಂದು ಸಂಜೆ ಅದು ಹತ್ತಲಿಲ್ಲ. ಕೆಳಗಿನ ಕೆಂಪು ದೀಪವೂ ಇಲ್ಲ. ಪ್ಲಗ್ಗು ನೋಡಿದೆ, ವೈರು ನೋಡಿದೆ, ಕೊನೆಗೆ ಹಿಂಬದಿ ಬಿಚ್ಚಿದೆ. ಬಿಚ್ಚಿದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ, ಯಾವ ಮೂಲೆಯದು ಯಾವ ಗುಳಿಗೆ ಎಂಬ ಕ್ರಮ ತಪ್ಪದಂತೆ ಇಡುವುದು ನನ್ನ ಪದ್ಧತಿ. ಅಷ್ಟು ದಿನ ಮನೆಯಲ್ಲಿ ಇಡ್ಲಿಯಾಗಲಿಲ್ಲ ಎಂಬುದನ್ನೇ ಆಪಾದನೆ ಮಾಡುವವರಿದ್ದಾರೆ. ಮಾಡಲಿ. ಒಳಗೆ ಕೆಪಾಸಿಟರ್ ಎಂಬ ಬೆರಳ ತುದಿಯಷ್ಟು ಡಬ್ಬಿಯೊಂದರ ತಲೆ ಉಬ್ಬಿರುವುದನ್ನು ಕಂಡುಹಿಡಿದವನು ನಾನು. ಚಿಕ್ಕಬಳ್ಳಾಪುರಕ್ಕೆ ಹೋಗಿ ಅದೇ ಅಳತೆಯ ಹೊಸದನ್ನು ತಂದವನು ನಾನು. ಗೌರಿಬಿದನೂರಿನ ಗೃಹಪ್ರವೇಶ ಮುಗಿಸಿ ಬಂದು ಸಮಾಧಾನವಾಗಿ ಹಾಕೋಣವೆಂದು ಬೀರುವಿನಲ್ಲಿಟ್ಟು ಹೋದೆ. ತಪ್ಪೇ, ನೀವೇ ಹೇಳಿ.

ಹಿಂದಿರುಗಿದಾಗ ಟಿವಿ ಹಾಡುತ್ತಿತ್ತು. ಷಡ್ಡಕರು ನನ್ನ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ರೀ, ಟಿವಿ ಬಂತು ಕಣ್ರೀ! ನಾನೇ ಫೋನ್ ಮಾಡಿ ಕರೆಸ್ದೆ. ಕೆಪಾಸಿಟರ್ ಹೋಗಿತ್ತಂತೆ, ನೋಡಿದ ತಕ್ಷಣ ಹೇಳ್ಬಿಟ್ರು!" ಎಂದಳು ಸರೋಜ.

"ಅದನ್ನ ನಾನೇ ಅಲ್ವೇನೇ ನಿನಗೆ ತೋರಿಸಿದ್ದು?"

"ತೋರಿಸಿದ್ರಿ. ತೋರಿಸ್ತಾನೇ ಇದ್ರಿ."

"ಹಂಗನ್ಬೇಡಿ ಅಕ್ಕ," ಎಂದರು ಷಡ್ಡಕರು. "ಡಾಕ್ಟ್ರು ಭಾವನೇ. ನಾನು ಬರೀ ಕಾಂಪೌಂಡರು."

ಈ ವಿನಯವನ್ನು ನಾನು ಸಹಿಸಲಾರೆ. ಸಾಲದ್ದಕ್ಕೆ, ನಾನು ಕೈಕಾಲು ತೊಳೆಯಲು ಹೋದೊಡನೆ ತೆಲುಗಿಗೆ ತಿರುಗಿದರು: "ಬಾವಗಾರು ಚೂಸ್ತಾನೇ ಉಂಟಾರು, ಅದಿ ಪಂಡುಕೊನೇ ಉಂಟುಂದಿ." ಭಾವ ನೋಡುತ್ತಲೇ ಇರುತ್ತಾರೆ, ಅದು ಮಲಗಿಯೇ ಇರುತ್ತದೆ ಎಂದು. ಸರೋಜ ನಕ್ಕಳು. ಅವಳ ತವರಿನ ಭಾಷೆ ತೆಲುಗು. ಇಷ್ಟು ವರ್ಷಗಳಲ್ಲಿ ಅದರ ಮಾತೆಲ್ಲ ನನಗೆ ಅರ್ಥವಾಗುತ್ತದೆ. ಆದರೆ ಅದರಲ್ಲಿ ಅವಳನ್ನು ಹಾಗೆ ನಗಿಸಲು ನನಗೆ ಬಂದಿಲ್ಲ.

ನನ್ನ ಹೊಟ್ಟೆಕಿಚ್ಚು ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಟಿವಿ ಸತ್ತಿದ್ದಷ್ಟು ದಿನವೂ ಸಂಜೆ ಸರೋಜ ನನ್ನ ಪಕ್ಕದಲ್ಲಿ ಕುಳಿತು ಟಾರ್ಚು ಹಿಡಿಯುತ್ತಿದ್ದಳು. ಕೈ ಸೋತರೂ ಮಾತು ಸೋಲುತ್ತಿರಲಿಲ್ಲ. "ಚಿಕ್ಕೋಳಿದ್ದಾಗ ಕೈವಾರದ ಬಸ್ಸಿಗೆ ಕಂಡಕ್ಟರ್ ಆಗ್ಬೇಕು ಅಂತಿತ್ತು ಕಣ್ರೀ," ಎಂದಳು ನಾನು ಹೊರಡುವ ಹಿಂದಿನ ಸಂಜೆ. "ಅಪ್ಪಂಗೆ ಗೊತ್ತಾಗ್ದಂಗೆ ಡ್ರೈವರ್‌ನ ಕೇಳೂ ಬಿಟ್ಟಿದ್ದೆ. ಅವನೇನಂದ ಗೊತ್ತಾ?" ಅಷ್ಟರಲ್ಲಿ ಕುಕ್ಕರ್ ಕೂಗಿತು. "ನೀವು ಬಂದ್ಮೇಲೆ ಹೇಳ್ತೀನಿ" ಎಂದು ಎದ್ದುಹೋದಳು.

ಬಂದೆ. ಈಗ ಆ ಹೊತ್ತಿಗೆ ಧಾರಾವಾಹಿ. ಅದು ಮುಗಿಯುವಷ್ಟರಲ್ಲಿ ಇನ್ನೊಂದು. ನಡುವೆ ಜಾಹೀರಾತು ಬಂದಾಗ ಬಾಯಿ ತೆರೆಯುತ್ತೇನೆ. ಅವಳು ಕೈಯೆತ್ತಿ, ಇರಿ ಎನ್ನುತ್ತಾಳೆ.

ಷಡ್ಡಕರೇ, ನೀವು ಟಿವಿ ಹಚ್ಚಿ ಊರಿಗೆ ಹೋದಿರಿ. ಸರೋಜಾ, ನೀನು ಅದರ ಮುಂದೆ ಕುಳಿತೆ. ಆ ಡ್ರೈವರ್ ಏನೆಂದನೆಂದು ಈಗ ನಾನು ಯಾರನ್ನು ಕೇಳಲಿ?