ನಾರಿನ ಕೌದಿ ಹೊಲಿಯುವ ನಿಂಬೆವ್ವ

ಒಂದು ಧೋತರಕ್ಕೆ ಕಂಟ್ರೋಲ್ ಅಂಗಡಿಯಲ್ಲಿ ಐದು ರೂಪಾಯಿ, ಅದೂ ಸಿಕ್ಕರೆ. ಹಿಂಬಾಗಿಲಿಂದ ಕೊಂಡರೆ ಹತ್ತಕ್ಕೂ ಕೈಗೆ ಬರುವುದಿಲ್ಲ. ದಾರದ ಉಂಡೆಗೆ ಮೊದಲು ಅರ್ಧ ಆಣೆ ಇದ್ದದ್ದು ಈಗ ಎರಡಾಣೆ. ಯುದ್ಧ ಎಲ್ಲೋ ನಡೆದಿದೆ, ಬಟ್ಟೆ ಇಲ್ಲಿ ಹರಿಯುತ್ತಿದೆ. ಇನ್ನು ನಾರಿನ ಬೆಲೆ ನೋಡಿ. ಕಾಲಿನ ಹುಣ್ಣಿನಿಂದ ಮೊಳ ಮೊಳ ಹೊರಬೀಳುವ ಆ ಬಿಳಿ ಹುಳು ಒಬ್ಬರಿಗೆ ಬಂತೆಂದರೆ ಬಿತ್ತುವ ಹಂಗಾಮು ಪೂರ್ತಿ ಆ ಜೀವ ಹೊರಸಿನ ಮೇಲೆ. ಕೂಲಿ ಹೋಯಿತು, ಬಿತ್ತನೆ ಹೋಯಿತು, ನೋಡಿಕೊಳ್ಳಲು ಕೂತ ಇನ್ನೊಬ್ಬರ ಕೆಲಸವೂ ಹೋಯಿತು. ಕುಡಿಯುವ ನೀರು ಸೋಸಲು ಧೋತರ ಹರಿಯಿರಿ ಅಂದರೆ ಮಾತ್ರ ಜನಕ್ಕೆ ಸಿಟ್ಟು ಬರುತ್ತದೆ.

ಆ ಸಿಟ್ಟಿನ ಎದುರು ಕೂತು ಮಾತಾಡುವುದು ಜೇವರ್ಗಿಯ ನಿಂಬೆವ್ವನ ಕೆಲಸ.

ಚಿಮಣಿ ಎಣ್ಣೆ ಸಿಗದ ಕಾಲ. ಹಾಗಾಗಿ ಬೆಳಕು ಹರಿಯುವುದನ್ನೇ ಕಾದು ಆಕೆ ಕಟ್ಟೆಯ ಮೇಲೆ ಮೂಡಣಕ್ಕೆ ಮುಖ ಮಾಡಿ ಕೂಡುತ್ತಾಳೆ. ತೊಡೆಯ ಮೇಲೆ ಆಳುದ್ದದ ಹಳೆಯ ಬಟ್ಟೆ. ಅದರ ಮೇಲೆ ಸೀರೆಯ ಚೂರುಗಳಿಂದ ಕೂರಿಸಿದ ಬಾವಿ, ಕೊಡ, ಮನುಷ್ಯ. ಸೂಜಿಗೆ ದಾರ ಪೋಣಿಸಲು ಈಗ ಕಣ್ಣು ಸಾಲದು, ನಾಲಿಗೆಯಿಂದ ತುದಿ ಒದ್ದೆ ಮಾಡಿ ಬೆರಳಿನ ಅಂದಾಜಿನಲ್ಲೇ ಪೋಣಿಸುತ್ತಾಳೆ. ಹೆಣ್ಣುಮಕ್ಕಳು ಗಂಡನ ಮನೆಗೆ ಒಯ್ಯುವ ಕೌದಿ ಹೊಲಿದೇ ಬದುಕಿದವಳು. ಗಂಡ ಸತ್ತ ಮೇಲೆ ಒಬ್ಬಳೇ ಮಗಳು ಶರಣಬಸಮ್ಮನ ಮದುವೆ ಮಾಡಿದ್ದೂ ಈ ಸೂಜಿಯಿಂದಲೇ.

ಇಂಥ ಕೌದಿ ಹೊಲಿಸಿದ್ದು ಸರಕಾರಿ ಡಾಕ್ಟರು. ಸರಕಾರದ ಕೆಲಸ ಎಂದ ಕೂಡಲೇ ನಾನು ಮೊದಲು ಕೇಳುವುದು, ಲಾಭ ಯಾರಿಗೆ ಎಂದು. ನಿಂಬೆವ್ವನನ್ನೂ ಹಾಗೇ ಕೇಳಿದೆ.

"ಡಾಕ್ಟರಗ ಏನ್ ಲಾಭ ಅಂತ ನನಗೂ ಅನಮಾನ ಇತ್ರಿ," ಎಂದು ನಕ್ಕಳು. "ಒಂದ ತಿಂಗಳ ಕಾಯ್ದು ನೋಡ್ದೆ. ಆ ಮನಷ್ಯಾ ಬಾಂವ್ಯಾಗಿನ ನೀರು ಸೀಸ್ಯಾಗ ತುಂಬ್ಕೊಂಡು ಹೋಗದು ಬಿಟ್ರ ಏನೂ ಒಯ್ಯಲಿಲ್ಲ."

ಡಾಕ್ಟರ್ ಖುರ್ಷಿದ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮೆಟ್ಟಿಲು ಬಾವಿಗಳ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಮೂರು ಬೇಸಿಗೆ ತಿರುಗಿದವರು. ಕಂಡದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಹೈದರಾಬಾದಿಗೆ ಕಳಿಸಿದರು. ಆಮೇಲೆ ಉರ್ದುವಿನಲ್ಲಿ ದೊಡ್ಡ ಕಾಗದ ಅಚ್ಚು ಹಾಕಿಸಿ ಚಾವಡಿಗಳಿಗೆ ಅಂಟಿಸಿದರು. ಹಿರೋಳ್ಳಿಯಲ್ಲಿ ಅದನ್ನು ಓದಲು ಬಾರದೆ ಜಪ್ತಿಯ ನೋಟೀಸು ಎಂದು ತಿಳಿದು ಜನ ದನ ಹೊಡೆದುಕೊಂಡು ಗಡಿ ದಾಟಿದರಂತೆ. ಜ್ವರದ ಮದ್ದಿಗೆಂದು ದವಾಖಾನೆಗೆ ಹೋದ ನಿಂಬೆವ್ವ, ಸಾಲಿನಲ್ಲಿ ಕೂತಾಗಲೂ ಕೌದಿಯ ತುಂಡು ಹೊಲಿಯುತ್ತಿದ್ದುದು ಡಾಕ್ಟರರ ಕಣ್ಣಿಗೆ ಬಿತ್ತು.

"ನಾ ಬರದದ್ದು ದಫ್ತರದಾಗ ಮಲಗ್ಯದ ಅಮ್ಮಾ," ಎಂದರಂತೆ. "ನೀ ಬಟ್ಟಿ ಮ್ಯಾಲ ಹೊಲಿ, ಅದು ಊರೂರು ತಿರಗ್ಲಿ."

ಡಾಕ್ಟರು ಬರೆದುಕೊಟ್ಟ ಚಿತ್ರದಲ್ಲಿ ಬಾಣದ ಗುರುತುಗಳಿದ್ದವು. ನಿಂಬೆವ್ವ ಅವನ್ನು ಬಿಟ್ಟು ಒಂದೇ ಕೆಂಪು ದಾರ ಓಡಿಸಿದಳು. ಹುಣ್ಣಿದ್ದವನು ನೀರಿಗಿಳಿದು ನಿಲ್ಲುತ್ತಾನೆ, ಅವನ ಕಾಲಿನಿಂದ ದಾರ ಹೊರಡುತ್ತದೆ. ಹುಳುವಿನ ಮರಿಗಳು ಬಾವಿಗೆ ಬೀಳುತ್ತವೆ, ಕಣ್ಣಿಗೆ ಕಾಣದ ನೀರಚಿಗಟ ಅವನ್ನು ನುಂಗುತ್ತದೆ, ಆ ನೀರು ಕೊಡಕ್ಕೆ, ಕೊಡದಿಂದ ಬಾಯಿಗೆ. ಮುಂದೆ ಒಂದು ವರ್ಷ ಹುಳು ಒಳಗೇ ಬೆಳೆಯುತ್ತದೆ. ವರ್ಷವನ್ನು ಹೇಗೆ ತೋರಿಸುವುದು? ದಾರದ ದಾರಿಯಲ್ಲಿ ಬಿತ್ತನೆ ಹೊಲಿದಳು, ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಕಾಲದ ಹಸಿರು ಜೋಳ ಹೊಲಿದಳು, ರಾಶಿ ಹೊಲಿದಳು, ಬೇಸಿಗೆಯ ಬರಿ ನೆಲ ಹೊಲಿದಳು. ಅದೆಲ್ಲ ದಾಟಿದ ದಾರ ಕುಡಿದವನ ಕಾಲಿನಲ್ಲಿ ಹೊರಬೀಳುತ್ತದೆ. ಕೊಡದ ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿದ ಇನ್ನೊಂದು ಚಿತ್ರದಲ್ಲಿ ಮಾತ್ರ ದಾರ ಅಲ್ಲೇ ಗಂಟು ಬಿದ್ದು ನಿಲ್ಲುತ್ತದೆ.

ಕೌದಿಯನ್ನು ಬಂಡಿಯಲ್ಲಿ ಮಟಕಿ ಎಂಬ ಊರಿಗೆ ಒಯ್ದಾಗ ಜನ ನೋಡಿದರು. ಹೋದ ವರ್ಷ ಇಜೇರಿಗೆ ಮಾತ್ರ ನಿಂಬೆವ್ವ ಅಳುಕುತ್ತಲೇ ಹೊರಟಿದ್ದಳು. ಅದು ಶರಣಬಸಮ್ಮನ ಗಂಡನ ಮನೆಯ ಊರು. ಎರಡು ವರ್ಷ ಸಾಲಾಗಿ ಬಿತ್ತನೆಯ ಹೊತ್ತಿಗೆ ಆಕೆಗೆ ನಾರು ಬಂದಿತ್ತು. ತವರಿನಿಂದ ರೋಗ ತಂದ ಸೊಸೆ, ಇನ್ನೊಂದು ಸಲ ಮಲಗಿದರೆ ತವರಿಗೇ ಕಳಿಸಿ ಮಗನಿಗೆ ಬೇರೆ ಹೆಣ್ಣು ತರುತ್ತೇನೆ ಎಂದು ಅತ್ತೆ ಗೌರಾಬಾಯಿ ಊರಿಗೆಲ್ಲ ಹೇಳಿಬಿಟ್ಟಿದ್ದಳು.

ಆ ದಿನ ನಾನೂ ಅಲ್ಲಿದ್ದೆ. ಬಾವಿಯ ಹತ್ತಿರ ಬಂಡಿಯ ಗೂಟಗಳಿಗೆ ಕೌದಿ ಕಟ್ಟುತ್ತಾರೆ. ಜನ ದೂರದಲ್ಲೇ ನಿಲ್ಲುತ್ತಾರೆ. ಸರಕಾರಕ್ಕೆ ಕೊಡಲೇಬೇಕಾದ ಲೆವಿ ಜೋಳ ಅಳೆಯಲು ಬಂದವರೂ ಹೀಗೇ ನಗುನಗುತ್ತ ಬಂದಿದ್ದರು. ಬಾವಿಗೆ ತೆರಿಗೆ ಬೀಳುತ್ತದೆ ಎಂದು ಒಬ್ಬ, ಮನೆಯ ಧೋತರ ಎಣಿಸಿ ರೇಷನ್ ಕಡಿಮೆ ಮಾಡುತ್ತಾರೆ ಎಂದು ಇನ್ನೊಬ್ಬ. ಕಾಲಿನಿಂದ ಇಣುಕಿದ ನಾರನ್ನು ಕಡ್ಡಿಗೆ ಸುತ್ತಿಕೊಂಡು ಕೂತ ಹುಲೆಪ್ಪನಿಗೆ ತಮಾಷೆ.

"ಹುಳಾ ತೋರಸ್ಲಿಕ್ಕ ಇಷ್ಟ ದೂರ ಯಾಕ ಬಂದಿ ಬೇ? ನನ್ನ ಕಾಲಾಗ ಜೀವಂತ ಅದ, ಪುಕಟ ನೋಡ್ಕೊಂಡು ಹೋಗು!"

"ಅದು ಎಲ್ಲಿಂದ ಬಂತು ಅಂತ ಹೇಳ್ತೇನಿ, ಕೂಡು ಹುಲೆಪ್ಪಣ್ಣ," ಎನ್ನುತ್ತಾಳೆ ನಿಂಬೆವ್ವ. "ಹೊಂಟು ಹೋಗಾಕ ನಿನಗ ಕಾಲರೆ ಎಲ್ಲಿ ಅದಾವ?"

ಜನ ನಗುತ್ತಾರೆ. ಗೌರಾಬಾಯಿ ನಗುವುದಿಲ್ಲ. ಹತ್ತಿರ ಬಂದು ಕೌದಿಯ ಮೂಲೆಗಳನ್ನು ಒಂದೊಂದಾಗಿ ಹಿಚುಕಿ ನೋಡುತ್ತಾಳೆ.

"ಬೀಗತ್ಯಾರ, ಇದಕ್ಕ ಉಣ್ಣಾಕ ಹಾಕಿಲ್ಲ ನೀವು."

ನಮ್ಮ ಕಡೆ ಕೌದಿ ಮುಗಿಸುವಾಗ ಮೂಲೆಯೊಳಗೆ ರೊಟ್ಟಿಯದೋ ಹೋಳಿಗೆಯದೋ ಚೂರಿಟ್ಟು ಹೊಲಿಯುವುದು ಪದ್ಧತಿ. ಹಸಿದ ಕೌದಿ ಹೊದ್ದವರನ್ನು ತಿನ್ನುತ್ತದೆ ಎಂದು ನಂಬಿಕೆ. ಇದು ಹೊದೆಯುವುದಲ್ಲ, ನೋಡುವುದು, ರೊಟ್ಟಿ ಇಟ್ಟರೆ ಇಲಿ ಕಡಿಯುತ್ತದೆ ಎಂದು ನಿಂಬೆವ್ವ ಬಿಟ್ಟಿದ್ದಳು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿ ಹಿಂದೆ ಸರಿಯುತ್ತಾರೆ.

"ಹಸಿದ ಕೌದಿ ತಂದು ನಮ್ಮ ಬಾಂವಿ ಮುಂದ ಕಟ್ಟೀರಿ," ಗೌರಾಬಾಯಿಯ ದನಿ ಏರುತ್ತದೆ. "ಮಗಳ ಹೆಸರ ತೊಳೀಲಿಕ್ಕ ಹೊಲದೀರಿ ಇದನ್ನ. ನಮಗ ಗೊತ್ತಾಗಂಗಿಲ್ಲಂತ ತಿಳದೀರೇನು?"

ಶರಣಬಸಮ್ಮ ಕೊಡ ಹಿಡಿದು ನೆಲ ನೋಡುತ್ತ ನಿಂತಿದ್ದಾಳೆ. ನಿಂಬೆವ್ವ ಸೊಂಟದ ಸಂಚಿಯಿಂದ ಸೂಜಿ ತೆಗೆಯುತ್ತಾಳೆ.

"ಮಗಳ ಸಲುವಾಗಿನೂ ಹೊಲ್ದೇನಿ, ಸುಳ್ಳ ಯಾಕ ಹೇಳ್ಲಿ. ಉಣ್ಣಾಕ ಹಾಕದ ಇದ್ದದ್ದು ನಂದೇ ತಪ್ಪು. ನಿಮ್ಮ ಮನ್ಯಾಗಿನ ರೊಟ್ಟಿ ಕೊಡ್ರಿ, ನಿಮ್ಮ ಮುಂದೇ ಹಾಕ್ತೇನಿ."

ಗೌರಾಬಾಯಿ ಇದನ್ನು ಎಣಿಸಿರಲಿಲ್ಲ. ರೊಟ್ಟಿ ಇಲ್ಲ ಎಂದರೆ ಊರ ಮುಂದೆ ಮನೆಯ ಮಾನ ಹೋಗುತ್ತದೆ. ತರಿಸುತ್ತಾಳೆ. ನಿಂಬೆವ್ವ ಮೂಲೆ ಬಿಚ್ಚಿ ಚೂರಿಟ್ಟು ಹೊಲಿಯುತ್ತಾಳೆ. ಆಗ ಮೇಲಿನ ದಂಡೆಯಿಂದ, ಬಾವಿಗೆ ಇಳಿಯುವ ಹಕ್ಕಿಲ್ಲದ ಕೇರಿಯ ಮಲ್ಕಮ್ಮ ಕೂಗುತ್ತಾಳೆ.

"ನಾವು ಇಳಿಯಂಗಿಲ್ಲ, ನೀವು ಸುರಿದದ್ದೇ ಕುಡೀತೇವಿ. ಕಾಲು ಅದ್ದವರು ನೀವು, ನಾರು ನಮಗೂ ಬರ್ತದ. ನಮ್ಮ ರೊಟ್ಟಿನೂ ಇಡ್ತೀ ಏನವ್ವಾ?"

ಯಾರೋ ಹುಶ್ ಎನ್ನುತ್ತಾರೆ. ಮಲ್ಕಮ್ಮ ಮೇಲಿಂದ ಹಾಕಿದ ರೊಟ್ಟಿಯ ಚೂರನ್ನು ನಿಂಬೆವ್ವ ಸೆರಗೊಡ್ಡಿ ಹಿಡಿಯುತ್ತಾಳೆ.

"ಕೌದಿಗಿ ನಾಕು ಮೂಲಿ ಅದಾವ, ತಾಯಿ."

ಗೌರಾಬಾಯಿ ಮುಖ ತಿರುಗಿಸುತ್ತಾಳೆ, ಆದರೆ ಕಾಲು ಕೀಳುವುದಿಲ್ಲ. ಉಂಡ ಕೌದಿಯ ಮುಂದೆ ಹೆಂಗಸರು ಕೂಡುತ್ತಾರೆ. ನಿಂಬೆವ್ವ ಕೆಂಪು ದಾರದ ಮೇಲೆ ಬೆರಳಾಡಿಸುತ್ತ ಕಥೆ ಹೇಳುತ್ತಾಳೆ. ಹೇಳಿ ಮುಗಿದ ಮೇಲೆ ಗೌರಾಬಾಯಿ ಎದ್ದು ಬಂದು ತಾನೇ ಬೆರಳಿಟ್ಟು ನೋಡುತ್ತಾಳೆ. ಬಿತ್ತನೆ, ಸೀತನಿ, ರಾಶಿ, ಬೇಸಿಗೆ. ಮತ್ತೆ ಹಿಂದಕ್ಕೆ.

"ಈಕಿ ನಮ್ಮ ಮನ್ಯಾಗ ಎರಡು ಸೀತನಿ ತಿಂದ ಮ್ಯಾಲ ಮೊದಲ್ನೇ ನಾರು ಬಂತು," ಎಂದು ತನಗೇ ಹೇಳಿಕೊಳ್ಳುತ್ತಾಳೆ. "ತವರಿನ ನೀರ ಇಷ್ಟ ದಿನ ಉಳಿಯಂಗಿಲ್ಲಲಾ."

ನಿಂಬೆವ್ವ ನಿಜದ ಇನ್ನೊಂದು ತುಂಡನ್ನೂ ಮುಚ್ಚಿಡದೆ ಹೇಳುತ್ತಾಳೆ. "ಈ ಬ್ಯಾಸಗಿಗೂ ಆಕಿಗಿ ಬರಬಹುದ್ರಿ ಬೀಗತ್ಯಾರ. ಹ್ವಾದ ವರ್ಷ ಕುಡದದ್ದು ಒಳಗ ಅದ. ಇವತ್ತಿಂದ ಸೋಸಿದ್ರ ಮುಂದಿನ ವರ್ಷಕ್ಕ ಬರಂಗಿಲ್ಲ. ಒಂದ ವರ್ಷ ತಡೀರಿ."

"ಮುಂದಿನ ವರ್ಷ ಬಂದ್ರ?"

"ನಾನೇ ಬಂದು ಕರ್ಕೊಂಡು ಹೋಗ್ತೇನಿ. ಪಂಚಾಯ್ತಿ ಬ್ಯಾಡ."

ಆ ಬೇಸಿಗೆಯಲ್ಲೇ ಶರಣಬಸಮ್ಮನ ಎಡಗಾಲಿಗೆ ನಾರು ಬಂತು. ಗೌರಾಬಾಯಿ ಬೈದಳು, ಕಳಿಸಲಿಲ್ಲ. ಗಂಡನ ಧೋತರ ಹರಿದು ಕೊಡಕ್ಕೆ ಕಟ್ಟಿದಳು, ಬಟ್ಟೆಗೆ ಸಿಕ್ಕ ಚಿಗಟ ತಿರುಗಿ ಕೊಡಕ್ಕೆ ಬೀಳದಂತೆ ಮೇಲಿನ ಮಗ್ಗುಲು ಕೆಳಗಾಗದಿರಲೆಂದು ನಿಂಬೆವ್ವ ಹೇಳಿದಂತೆ ಒಂದು ಕಡೆ ಕೆಂಪು ದಾರ ಹಾಕಿದಳು. ಕೇರಿಯ ಹೆಂಗಸರೂ ಸೋಸಿದರು. ಹುಲೆಪ್ಪ ಸೋಸಲಿಲ್ಲ, ಈ ವರ್ಷವೂ ಕಡ್ಡಿ ಸುತ್ತುತ್ತಿದ್ದಾನೆ. ಬಾವಿಯ ಮೆಟ್ಟಿಲು ಮುಚ್ಚಿ ರಾಟೆ ಹಾಕಿಸಬೇಕೆಂದು ಡಾಕ್ಟರು ಬರೆದದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಬರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಕೇರಿಯ ರೊಟ್ಟಿ ಹೊಲಿದ ಕೈಯೆಂದು ದೊಡ್ಡ ಮನೆಗಳು ಮದುವೆಯ ಕೌದಿಯನ್ನು ನಿಂಬೆವ್ವನಿಗೆ ಕೊಡುವುದು ಬಿಟ್ಟಿವೆ. ಆ ಗಳಿಕೆ ಹೋಯಿತು, ತಿರುಗಿ ಬರುವುದಿಲ್ಲ ಎಂದು ಆಕೆಗೂ ಗೊತ್ತು. ಬೇಸರವೇ ಎಂದು ಕೇಳಿದೆ.

"ಆಗದ ಏನ್ರಿ? ಚಂದ ಹೊಲೀತಿದ್ದೆ," ಎಂದಳು.

ಗೌರಾಬಾಯಿಯ ಮನೆಯಲ್ಲಿ ಈ ವರ್ಷ ಯಾರಿಗೂ ನಾರು ಬಂದಿಲ್ಲ. ಶರಣಬಸಮ್ಮ ಬಿತ್ತನೆಗೆ ಹೋಗಿದ್ದಾಳೆ.