ಕ್ಯಾರಿ ಆನ್ ಮತ್ತು ಸರೋಜಳ ಹೊಂಗೆ ಮರ

ಬಿಳಿ ಶರ್ಟು ಹಾಕಿಕೊಂಡು ರಸ್ತೆಗಿಳಿಯುವುದನ್ನು ನಾನು ಈಚೆಗೆ ಬಿಟ್ಟಿದ್ದೇನೆ. ಹಾಕಿಕೊಂಡರೂ ಕೈ ಹಿಂದಕ್ಕೆ ಕಟ್ಟುವುದಿಲ್ಲ. ಕಟ್ಟಿದರೆ ಬಾಯಿಗೆ ತಾನಾಗಿಯೇ ‘ಕ್ಯಾರಿ ಆನ್’ ಬಂದುಬಿಡುತ್ತದೆ. ಬಂದರೆ ಏನಾಗುತ್ತದೆ ಅಂತ ಭದ್ರಾವತಿಯಲ್ಲಿರುವ ನನ್ನ ತಂಗಿ ಸರೋಜಳನ್ನು ಕೇಳಬೇಕು. ದಯವಿಟ್ಟು ಕೇಳಬೇಡಿ.

ಈ ಮಾತು ನಾನು ಕಲಿತದ್ದು ಅದೇ ಭದ್ರಾವತಿಯ ಕಾರ್ಖಾನೆಯಲ್ಲಿ. ಸಾಹೇಬರು ಷೆಡ್ಡಿಗೆ ಬಂದರೆ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ಅವರು ಕೈ ಹಿಂದೆ ಕಟ್ಟಿಕೊಂಡು, ಸೂರು ನೋಡುತ್ತಾ ‘ಕ್ಯಾರಿ ಆನ್’ ಅಂದರೆ ಸಾಕು, ಅರ್ಧ ಕುಡಿದ ಟೀ ಬಿಟ್ಟು ಕೈಗೆ ಸಿಕ್ಕಿದ ಕಬ್ಬಿಣ ಬಡಿಯಲು ಶುರುಮಾಡುತ್ತಿದ್ದೆವು. ಯಾಕೆ ಬಡಿಯುತ್ತೀರಿ ಅಂತ ಅವರೂ ಕೇಳುತ್ತಿರಲಿಲ್ಲ. ಮಾಡುತ್ತಿರುವುದನ್ನು ಮುಂದುವರಿಸಿ ಅನ್ನುವುದು ಅದರ ಅರ್ಥ. ಆದರೆ ಮನೆಯಲ್ಲಿ ಯಾರಾದರೂ ‘ಮುಂದುವರಿಸಿ’ ಅಂದರೆ ಸಭೆಯ ಅಧ್ಯಕ್ಷರೇ ಒಳಗೆ ಬಂದ ಹಾಗಾಗುತ್ತದೆ. ನಮ್ಮ ‘ನಡೀಲಿ’ ಅದಕ್ಕೆ ಹತ್ತಿರದ್ದು. ಆದರೆ ‘ನಡೀಲಿ’ ಅನ್ನುವ ಮುಂಚೆ ನಾವು ಒಂದು ಸಲ ಇಣುಕಿ ನೋಡುತ್ತೇವೆ. ಇಂಗ್ಲಿಷಿನದಕ್ಕೆ ಆ ತೊಂದರೆಯೂ ಇಲ್ಲ.

ರಿಟೈರಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಸಾಹೇಬಗಿರಿಯನ್ನು ನಾನೇ ವಹಿಸಿಕೊಂಡೆ. ಹೇಳಿಕೊಳ್ಳಬಾರದು, ನನ್ನಷ್ಟು ಚೆನ್ನಾಗಿ ಯಾವ ಸಾಹೇಬರಿಗೂ ಅದು ಬರುತ್ತಿರಲಿಲ್ಲ. ನವುಲೆಯಲ್ಲಿ ಗುಂಡಿ ತೋಡುವವರು ನನ್ನ ಒಂದೇ ಮಾತಿಗೆ ಬೀಡಿ ಎಸೆದು ಗುದ್ದಲಿ ಹಿಡಿದಿದ್ದಾರೆ. ಸಕ್ರೆಬೈಲಿನಲ್ಲಿ ಆನೆಯ ಬೆನ್ನುಜ್ಜುತ್ತಿದ್ದ ಮಾವುತ ಸಲ್ಯೂಟ್ ಹೊಡೆದಿದ್ದಾನೆ. ಆನೆ ಮಾತ್ರ ಮೋಸಹೋಗಲಿಲ್ಲ. ಸೊಂಡಿಲು ತುಂಬ ಕೆಸರುನೀರು ತುಂಬಿಕೊಂಡು ನನ್ನ ಬಿಳಿ ಶರ್ಟಿಗೆ ಎರಚಿತು. ಅವತ್ತೇ ಅರ್ಥಮಾಡಿಕೊಳ್ಳಬೇಕಿತ್ತು, ಮಾರಾಯ್ರೆ.

ಈ ಬೇಸಿಗೆಯಲ್ಲಿ ಸರೋಜಳನ್ನು ನೋಡಲು ಹೋದೆ. ಅವಳ ಮನೆ ಮುಂದೆ ಒಂದು ಹೊಂಗೆ ಮರ. ಅದರ ಬುಡದಲ್ಲೇ ಅವಳ ಹೊಲಿಗೆ ಮಷಿನ್ನು, ಬ್ಲೌಸ್ ಹೊಲಿಸಲು ಬರುವ ಹೆಂಗಸರಿಗೆ ಒಂದು ಬೆಂಚು. ಭದ್ರಾವತಿಯ ಬಿಸಿಲು ಗೊತ್ತಲ್ಲ, ಆ ನೆರಳೇ ಅವಳ ಅಂಗಡಿ. ಅವತ್ತು ಮನೆಗೆ ಬೀಗ ಹಾಕಿತ್ತು. ಬೀದಿಯಲ್ಲಿ ಹೊಸ ಚರಂಡಿ ತೋಡುತ್ತಿದ್ದ ಆಳುಗಳು ಆ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಪಕ್ಕದಲ್ಲಿ ಗರಗಸ. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಕೈ ಹಿಂದಕ್ಕೆ ಕಟ್ಟಿದೆ. “ಏನ್ರಪ್ಪಾ, ನೆರಳು ತಂಪಾಗಿದ್ಯಾ? ಹ್ಞೂಂ, ಕ್ಯಾರಿ ಆನ್!”

“ಆಯ್ತು ಸಾರ್” ಅಂತ ಮೇಸ್ತ್ರಿ ಮುರುಗೇಶ ದಡಕ್ಕನೆ ಎದ್ದ. ನಾನು ಒಳಗೊಳಗೇ ನಗುತ್ತಾ ಮೇನ್ ರೋಡಿನ ಬೇಕರಿಗೆ ಹೋಗಿ, ಸರೋಜಳಿಗೆ ಇಷ್ಟದ ಖಾರಾ ಬನ್ ಕಟ್ಟಿಸಿಕೊಂಡು, ಬೇಕರಿಯವನ ಹತ್ತಿರ ಈ ಕತೆಯನ್ನೂ ಕೊಚ್ಚಿಕೊಂಡು ವಾಪಸ್ ಬಂದೆ. ಬೀದಿ ಯಾಕೋ ಬೆಳ್ಳಗೆ ಕಾಣಿಸಿತು. ಮರ ಅಡ್ಡ ಮಲಗಿತ್ತು.

ಅಷ್ಟರಲ್ಲಿ ಸರೋಜ ನಿಜವಾದ ಇಂಜಿನಿಯರನ್ನು ಕರೆದುಕೊಂಡು ಬಂದಳು. ಚರಂಡಿಯನ್ನು ಸ್ವಲ್ಪ ವಾರೆ ಮಾಡಿ ಮರ ಉಳಿಸಿಕೊಡಿ ಅಂತ ಬೇಡಿಕೊಂಡು, ಒಪ್ಪಿಸಿಯೇ ಕರೆತಂದಿದ್ದಳು.

“ಏಯ್ ಮುರುಗೇಶ, ಇಂಜಿನಿಯರ್ ಬರೋವರ್ಗೂ ಮುಟ್ಟಲ್ಲ ಅಂದಿದ್ಯಲ್ಲೋ!”

“ಬಂದಿದ್ರಲ್ಲಕ್ಕಾ! ಇವ್ರೇ ಆರ್ಡರ್ ಕೊಟ್ಟೋದ್ರು” ಅಂತ ಅವನು ನನ್ನ ಕಡೆ ಕೈ ತೋರಿಸಿದ.

ಸರೋಜ ನನ್ನ ಶರ್ಟು ನೋಡಿದಳು, ಬನ್ನಿನ ಪೊಟ್ಟಣ ನೋಡಿದಳು. “ಇಲ್ಲೂ ಕ್ಯಾರಿ ಆನ್ ಅಂದ್ಯಾ, ಅಣ್ಣ?”

“ಹೂಂ.”

“ನನ್ ಮರಕ್ಕಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಆಳುಗಳು ಗೋಡೆ ಬದಿಗೆ ಸರಿಸಿಟ್ಟಿದ್ದ ಮಷಿನ್ನನ್ನು ಒಬ್ಬಳೇ ದರದರ ಎಳೆದುಕೊಂಡು ತಗಡಿನ ಸೂರಿನ ಕೋಣೆಗೆ ಹೋದಳು. ಹಿಡಿದುಕೊಳ್ಳಲು ಹೋದ ನನ್ನ ಕೈಯನ್ನು ಮೆತ್ತಗೆ ಸರಿಸಿದಳು. ರಿಟೈರಾದಾಗಿನಿಂದ ಜನರನ್ನು ಪೇಚಿಗೆ ಸಿಕ್ಕಿಸಿದವನಿಗೆ ಅವತ್ತು ಬನ್ನಿನ ಪೊಟ್ಟಣ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ.

ಮುಂಗಾರು ಶುರುವಾದ ಮೇಲೆ ಒಂದು ಹೊಂಗೆ ಸಸಿ ತೆಗೆದುಕೊಂಡು, ಬಣ್ಣದ ಶರ್ಟು ಹಾಕಿಕೊಂಡು ಹೋದೆ. ಚರಂಡಿಯಿಂದ ಈಚೆಗೆ ಗುಂಡಿ ತೋಡಿದೆ. ಮಧ್ಯೆ ಸೊಂಟ ಹಿಡಿದುಕೊಂಡು ನಿಂತಾಗ ಒಳಗೆ ಮಷಿನ್ನಿನ ಸದ್ದೂ ನಿಂತಿತು. ಈಗ ಅವಳು ‘ಕ್ಯಾರಿ ಆನ್’ ಅಂತಾಳೆ, ಅನ್ನಿಸಿಕೊಳ್ಳಲೇಬೇಕು ಅಂತ ತಲೆ ತಗ್ಗಿಸಿದೆ.

ಸರೋಜ ಹೊರಗೆ ಬಂದಳು. ಬಗ್ಗಿ ಗುಂಡಿಯ ಆಳ ನೋಡಿದಳು. ಸಸಿಯ ಬೇರು ಮುಟ್ಟಿ ನೋಡಿದಳು. ಆಮೇಲೆ ನನ್ನ ಬೆವೆತ ಮುಖ ನೋಡಿದಳು.

“ಹ್ಞೂಂ, ನಡೀಲಿ” ಅಂದಳು.